ಪ್ರಚಾರದ ಇನಾಯತ್ ಉಲ್ಲಾ

ದೊಡ್ಡ ರೋಗ ಎಂದರೆ ಏನು ಎಂದು ಇನಾಯತ್ ಉಲ್ಲಾನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವನ ಅಪ್ಪನ ಅಕ್ಕ ಖುರ್ಷೀದ್ ಬೀ ಶಿಕಾರಿಪುರದ ಅವರ ಮನೆಯ ಹಿತ್ತಿಲ ಕೋಣೆಯಲ್ಲಿ ಹನ್ನೊಂದು ವರ್ಷ ಬದುಕಿದ್ದಳು. ನೆಂಟರು ಬಂದ ದಿನ ಆ ಕೋಣೆಗೆ ಹೊರಗಿನಿಂದ ಚಿಲಕ ಬೀಳುತ್ತಿತ್ತು. ಒಳಗಿದ್ದವಳು ಕೆಮ್ಮು ಬಂದರೆ ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಳ್ಳುತ್ತಿದ್ದಳು. "ತಟ್ಟೆ ಹೊಸ್ತಿಲಲ್ಲಿ ಇಟ್ಟು ಬಂದುಬಿಡು" ಎನ್ನುತ್ತಿದ್ದಳು ಅಮ್ಮ ಕುಬ್ರಾ ಬೀ. ಇನಾಯತ್ ತಟ್ಟೆ ಹಿಡಿದು ಒಳಗೇ ಹೋಗಿ ಆ ಸೋದರತ್ತೆಯ, ಅವನ ಫುಪ್ಪುವಿನ, ಪಕ್ಕ ಕೂರುತ್ತಿದ್ದ. ಅವಳು ಬೆರಳಿಲ್ಲದ ಅಂಗೈಯಿಂದ ನೆಲದ ಧೂಳಿನಲ್ಲಿ ಗೀಟು ಎಳೆದು ಕುದುರೆ, ನವಿಲು ಬಿಡಿಸಿ ತೋರಿಸುತ್ತಿದ್ದಳು. ಅವಳು ಸತ್ತಾಗ ಮನೆಯವರು ಊರಿಗೆ ಜ್ವರ ಎಂದರು. ಮಣ್ಣಿಗೆ ಬಂದವರು ಮನೆಯ ನಾಲ್ಕೇ ಜನ.

ಬೆಳೆದ ಮೇಲೆ ಅವನು ಬೋರ್ಡ್ ಬರೆಯುವವನಾದ. ಬಟ್ಟೆ ಅಂಗಡಿ, ಅಕ್ಕಿ ಗಿರಣಿ, ಮದುವೆ ಮನೆಯ ಸುಸ್ವಾಗತ, ಲಾರಿಯ ಬೆನ್ನಿನ 'ಹಾರನ್ ಮಾಡಿ', ಎಲ್ಲಕ್ಕೂ ಊರಿನಲ್ಲಿ ಅವನ ಕೈಯೇ ಆಗಬೇಕಿತ್ತು. ಕನ್ನಡ ಅಕ್ಷರವನ್ನು ಕಾಳು ಪೋಣಿಸಿದಂತೆ ದುಂಡಗೆ ಬರೆಯುತ್ತಿದ್ದ. ಟೂರಿಂಗ್ ಟಾಕೀಸಿನವರಿಗೆ ಗಾಜಿನ ಸ್ಲೈಡನ್ನೂ ಬರೆದುಕೊಡುತ್ತಿದ್ದ.

ಸಾವಿರದ ಒಂಬೈನೂರ ಅರವತ್ತೊಂಬತ್ತರಲ್ಲಿ ರಾಜೇಶ್ವರಮ್ಮ ಎಂಬ ನಿವೃತ್ತ ಹೆಡ್ ಮಿಸ್ಟ್ರೆಸ್ ಅವನನ್ನು ಹುಡುಕಿಕೊಂಡು ಬಂದರು. ಶಿರಾಳಕೊಪ್ಪದ ರಸ್ತೆಯಲ್ಲಿ, ಊರು ದಾಟಿದ ಮೇಲೆ, ಅವರು ನಾಲ್ಕೈದು ಜನ ಸೇರಿ ಅಭಯ ಕುಷ್ಠ ಸೇವಾ ಸಂಘ ಎಂದು ಕಟ್ಟಿದ್ದರು. ಹೆಂಚಿನ ಒಂದು ಉದ್ದನೆ ಕಟ್ಟಡ, ವಾರಕ್ಕೆರಡು ಸಲ ಬರುವ ಡಾಕ್ಟರು, ಸೈಕಲ್ ಮೇಲೆ ಹಳ್ಳಿ ಹಳ್ಳಿಗೆ ಗುಳಿಗೆ ಒಯ್ಯುವ ಲೋಕಪ್ಪ, ಇಷ್ಟೇ ಸಂಘ. ಗುಳಿಗೆ ಇತ್ತು, ನುಂಗುವವರು ಬರುತ್ತಿರಲಿಲ್ಲ. ಅಮ್ಮನವರು ಒಂದು ಹಳೆಯ ಪೋಸ್ಟರ್ ಬಿಡಿಸಿ ತೋರಿಸಿದರು. ಅದರಲ್ಲಿ ಬೆರಳು ಕರಗಿದ ಎರಡು ಕೈ, ಕೆಳಗೆ ಕೆಂಪು ಅಕ್ಷರದಲ್ಲಿ 'ಎಚ್ಚರ!'

"ಇದೇ ಥರ ದೊಡ್ಡದಾಗಿ ಗೋಡೆ ಮೇಲೆ ಬರೀಬೇಕು, ಇನಾಯತ್."

ಇನಾಯತ್ ಆ ಕಾಗದವನ್ನು ಬಹಳ ಹೊತ್ತು ನೋಡಿದ. "ಇದನ್ನ ನೋಡಿದ್ರೆ ನಮ್ಮ ಫುಪ್ಪು ಕೋಣೆಯಿಂದ ಹೊರಗೆ ಬರ್ತಿರಲಿಲ್ಲಮ್ಮ. ಇನ್ನೊಂದು ಚಿಲಕ ಒಳಗಡೆಯಿಂದ ಹಾಕ್ಕೊಳ್ತಿದ್ಲು" ಎಂದ.

ಮನೆಯಾಚೆಗೆ ಅವನು ಆ ಮಾತು ಆಡಿದ್ದು ಅದೇ ಮೊದಲು. ರಾಜೇಶ್ವರಮ್ಮ ಕನ್ನಡಕ ತೆಗೆದರು. "ಹಾಗಾದ್ರೆ ನೀವೇ ಹೇಳಿ, ಏನು ಬರೀಬೇಕು?"

ಎರಡು ದಿನ ಯೋಚಿಸಿ ಅವನು ಬಸ್ ನಿಲ್ದಾಣದ ಎದುರಿನ ಗೋಡೆಗೆ ಸುಣ್ಣ ಹೊಡೆದು ನೀಲಿಯಲ್ಲಿ ಬರೆದ: 'ಮೈಮೇಲಿನ ಮಚ್ಚೆ ಮುಟ್ಟಿದರೆ ತಿಳಿಯುತ್ತಿಲ್ಲವೇ? ಬನ್ನಿ, ಔಷಧ ಇದೆ. ಹೆಸರು ಕೇಳುವುದಿಲ್ಲ.' ಪಕ್ಕದಲ್ಲಿ ಒಂದು ಕೈ ಬಿಡಿಸಿದ. ಐದೂ ಬೆರಳಿರುವ, ಯಾರದಾದರೂ ಆಗಬಹುದಾದ ಕೈ.

ಆ ತಿಂಗಳು ಏಳು ಜನ ಬಂದರು. ಅಲ್ಲಿಯವರೆಗೆ ವರ್ಷಕ್ಕೆ ಏಳು ಜನ ಬಂದದ್ದಿರಲಿಲ್ಲ. ಇನಾಯತ್ ಉಡುತಡಿಯ ದಾರಿಯ ಸೇತುವೆಗೆ, ಆನವಟ್ಟಿಯ ಸಂತೆಮಾಳದ ಗೋಡೆಗೆ, ಸೊರಬದ ಕಡೆಯ ಹಳ್ಳಿಗಳ ಬಸ್ ನಿಲ್ಲುವ ಕಟ್ಟೆಗಳಿಗೆ ಅದನ್ನೇ ಬರೆಯುತ್ತ ಹೋದ. ಸಿನಿಮಾದ ಮಧ್ಯಂತರಕ್ಕೆ ಸ್ಲೈಡ್ ಮಾಡಿದ. ಓದಲು ಬಾರದವರಿಗಾಗಿ ಮೈಕ್ ಹಿಡಿದು ಸಂತೆಯಲ್ಲಿ ಮಾತಾಡಲು ಕಲಿತ. ಎಪ್ಪತ್ತೆರಡರಲ್ಲಿ ಸಂಘ ಅವನಿಗೆ 'ಪ್ರಚಾರ ಸಹಾಯಕ' ಎಂದು ನೇಮಕದ ಕಾಗದ ಕೊಟ್ಟಿತು. ಜನ ಅವನನ್ನು ಪ್ರಚಾರದ ಸಾಬರು ಎಂದು ಕರೆಯತೊಡಗಿದರು. ಒಂದಿಬ್ಬರು ಅಂಗಡಿಯವರು ರೋಗಿಗಳ ನಡುವೆ ಓಡಾಡುವವನೆಂದು ಬೋರ್ಡಿನ ಕೆಲಸಕ್ಕೆ ಕರೆಯುವುದನ್ನು ಬಿಟ್ಟರು. ಹೆಂಡತಿ ಬದರುನ್ನೀಸಾ, "ಬಿಡ್ಲಿ ಬಿಡಿ, ಇವರ ಬೋರ್ಡಿನಿಂದ ನಾವು ಅರಮನೆ ಕಟ್ಟಿದ್ದು ಸಾಕು" ಎಂದಳು. ಅವನಿಗೆ ಆಗ ಮೂವತ್ತೈದು. ಬದುಕಿಗೆ ಒಂದು ಅರ್ಥ ಸಿಕ್ಕಿತೆಂದು ಅವನು ನಂಬಿದ್ದ ವರ್ಷಗಳು ಅವು.

ಹುಲಿಯಮ್ಮ ಬಂದದ್ದು ಎಪ್ಪತ್ಮೂರರಲ್ಲಿ. ಉಳವಿಯಿಂದ ಎರಡು ಮೈಲಿ ಒಳಗಿನ ಹಳ್ಳಿಯವಳು, ನಲವತ್ತರ ಆಸುಪಾಸು. ಉಳವಿಯಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಮೈಕಿನಲ್ಲಿ ಅವನ ಮಾತು ಕೇಳಿದ್ದಳಂತೆ. ಆರು ತಿಂಗಳು ಆ ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡು ಕೊನೆಗೆ ಗಂಡ ಮಾಸ್ತಪ್ಪನಿಗೆ ಹೇಳಿದ್ದಳು. ಪಾದದಲ್ಲಿ ಹುಣ್ಣಾಗಿತ್ತು, ನೋವು ಗೊತ್ತಾಗದೆ ಗದ್ದೆಯಲ್ಲಿ ಓಡಾಡಿ ಮೂಳೆಯ ತನಕ ಹೋಗಿತ್ತು. ಎಂಟು ತಿಂಗಳು ಸಂಘದ ಕಟ್ಟಡದಲ್ಲೇ ಇರಬೇಕಾಯಿತು. ಅವಳು ಹಿರೇಕೆರೂರಿನ ತಂಗಿಯ ಬಾಣಂತನಕ್ಕೆ ಹೋಗಿದ್ದಾಳೆಂದು ಮಾಸ್ತಪ್ಪ ಊರಲ್ಲಿ ಹೇಳಿದ. ಬಾಣಂತನ ಮುಗಿದು ತಂಗಿಗೆ ಕಾಯಿಲೆ ಎಂದ, ಕಾಯಿಲೆ ಮುಗಿದು ಮತ್ತೇನೋ ಎಂದ.

ಹುಣ್ಣು ಮಾಗಿತು. ಊರಿಗೆ ಹೋದ ಮೇಲೂ ಗುಳಿಗೆ ತಪ್ಪಿಸಲಿಲ್ಲ. ತಂಗಿಯನ್ನು ನೋಡಿಬರುವ ನೆಪದಲ್ಲಿ ಮೂರು ತಿಂಗಳಿಗೊಮ್ಮೆ ಬಂದು ಗುಳಿಗೆಯ ಪೊಟ್ಟಣ ಒಯ್ಯುತ್ತಿದ್ದಳು. ಗುಳಿಗೆ ಶುರುವಾದ ಎರಡು ವರ್ಷದ ಮೇಲೆ ಡಾಕ್ಟರು ಪರೀಕ್ಷೆ ಮಾಡಿ, "ಇನ್ನು ನಿನ್ನಿಂದ ಯಾರಿಗೂ ಅಂಟೋದಿಲ್ಲಮ್ಮ" ಎಂದರು. ಎಡಗೈಯ ಎರಡು ಬೆರಳು ಮಾತ್ರ ಮಡಚಿಕೊಂಡೇ ಉಳಿದವು.

ಅದೇ ಹೊತ್ತಿಗೆ ಸಂಘಕ್ಕೆ ನೆರವು ಕೊಡುತ್ತಿದ್ದ ಬೆಂಗಳೂರಿನ ಮಹನೀಯರೊಬ್ಬರು ಬರೆದಿದ್ದರು: ಎಷ್ಟು ದಿನ ಕೈ ತೋರಿಸುತ್ತೀರಿ, ವಾಸಿಯಾದವರ ಮುಖ ತೋರಿಸಿ, ಆಗ ಜನಕ್ಕೆ ನಂಬಿಕೆ ಬರುತ್ತದೆ. ರಾಜೇಶ್ವರಮ್ಮ ಕಾಗದವನ್ನು ಓದಿ ಹೇಳಿದಾಗ ಇನಾಯತನ ಮನಸ್ಸಿಗೂ ಅದು ಹತ್ತಿತು. ಎಷ್ಟೋ ರೋಗಿಗಳು ಅರ್ಧಕ್ಕೇ ಗುಳಿಗೆ ಬಿಡುತ್ತಿದ್ದರು. ಗುಣವಾದವರನ್ನು ಅವರು ಒಬ್ಬರನ್ನೂ ಕಂಡಿರಲಿಲ್ಲ, ಏಕೆಂದರೆ ಗುಣವಾದವರು ಯಾರೂ ಬಾಯಿ ಬಿಡುತ್ತಿರಲಿಲ್ಲ. ನಗುವ ಒಂದು ಮುಖ ಗೋಡೆಯ ಮೇಲಿದ್ದರೆ ಸಾಕು ಎನಿಸಿತು ಅವನಿಗೆ.

ಹುಲಿಯಮ್ಮ ಮುಂದಿನ ಸಲ ಬಂದಾಗ ಕೇಳಿದ. ಅವಳು ಕೂತಲ್ಲೇ ಸೆರಗು ಎಳೆದುಕೊಂಡಳು.

"ನನ್ನ ಮುಖ ಯಾಕ್ರಿ ಸಾಬ್ರೇ? ನೋಡಕ್ಕೆ ಏನೈತೆ ಇದ್ರಾಗೆ?"

"ನೀನು ನಗೋದು ನೋಡಿದ್ರೆ ನಾಲ್ಕು ಜನ ಗುಳಿಗೆ ನುಂಗ್ತಾರೆ ಹುಲಿಯಕ್ಕ. ಅದಕ್ಕೆ."

ಅವಳು ತನ್ನ ಪಾದದ ಕಡೆ ನೋಡಿಕೊಂಡಳು. "ನನ್ನ ಕಾಲು ಉಳಿಸಿದೋರು ನೀವು. ಬ್ಯಾಡ ಅನ್ನಕ್ಕೆ ನನಗೆ ಬಾಯಿ ಎಲ್ಲೈತೆ? ಆದ್ರೆ ಸೊರಬದ ಕಡೆ ಹಾಕಬ್ಯಾಡ್ರಿ. ಮಗಳು ದೊಡ್ಡೋಳಾಗ್ಯಾಳೆ. ಗಂಡು ನೋಡ್ತಾ ಇದೀವಿ."

"ಹಾಕಲ್ಲ. ಶಿವಮೊಗ್ಗದಾಚೆಗೆ ಮಾತ್ರ. ನನ್ನ ಮಾತು" ಎಂದ ಇನಾಯತ್.

ಪೇಟೆಯ ಸ್ಟುಡಿಯೋದವನು ಬಂದು ಕ್ಯಾಮೆರಾದ ಕರಿಬಟ್ಟೆಯೊಳಗೆ ತಲೆ ಹಾಕಿದಾಗ, "ನೋಡಕ್ಕ, ನಾಚ್ಕೊಂಡು ಅವನೇ ಮುಸುಕು ಹಾಕ್ಕೊಂಡ" ಎಂದ ಇನಾಯತ್. ಹುಲಿಯಮ್ಮ ನಕ್ಕಳು. ಆ ನಗು ಹಾಗೇ ಬಂತು. ಮಡಚಿದ ಬೆರಳಿನ ಕೈ ಎದೆಯ ಮೇಲೆ, ಮುಖದ ತುಂಬ ನಗು.

ಆ ಫೋಟೋ ಕೈಗೆ ಬಂದ ದಿನ ಅವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅಷ್ಟು ಒಳ್ಳೆಯ ಕೆಲಸ ತನ್ನಿಂದ ಹಿಂದೆಂದೂ ಆಗಿಲ್ಲವೆಂದು ಗೊತ್ತಿತ್ತು. ರಾಜೇಶ್ವರಮ್ಮ ನೋಡಿ ಕಣ್ಣು ತುಂಬಿಕೊಂಡರು. "ಇವಳು ಒಪ್ಪಿದ್ಲಾ?"

"ಒಪ್ಪಿದ್ಲಮ್ಮ. ಸೊರಬದ ಕಡೆ ಬೇಡ ಅಂದ್ಲು. ಸ್ವಲ್ಪ ನಾಚಿಕೆ, ಅಷ್ಟೇ."

ಮಗಳ ಮದುವೆಯ ಮಾತನ್ನು ಅವನು ಹೇಳಲಿಲ್ಲ. ಹೇಳಿದರೆ ಅಮ್ಮನವರು ಹಿಂದೆಗೆದಾರು ಎಂಬ ಅಳುಕಿತ್ತು. ಆ ಚಿತ್ರ ಪೆಟ್ಟಿಗೆ ಸೇರುವುದು ಅವನಿಗೆ ಬೇಕಿರಲಿಲ್ಲ. 'ಅಷ್ಟೇ' ಎಂಬ ಆ ಒಂದು ಮಾತು ಆಮೇಲೆ ಎಷ್ಟು ವರ್ಷ ಅವನ ನಿದ್ದೆ ಕೆಡಿಸಿತ್ತೆಂದು ಬದರುನ್ನೀಸಾಳಿಗೆ ಮಾತ್ರ ಗೊತ್ತು.

ಪೋಸ್ಟರ್ ಶಿವಮೊಗ್ಗದಲ್ಲಿ ಅಚ್ಚಾಯಿತು. 'ನಾನು ಗುಣವಾದೆ. ನೀವೂ ಗುಣವಾಗಬಹುದು.' ಇನಾಯತ್ ಮೈದಾ ಅಂಟು ಕಾಸಿ ಭದ್ರಾವತಿ, ತರೀಕೆರೆ, ಕಡೂರಿನ ತನಕ ತಾನೇ ಹೋಗಿ ಅಂಟಿಸಿ ಬಂದ. ಸೊರಬದ ಕಡೆಗೆ ಒಂದೂ ಹೋಗದಂತೆ ಕಟ್ಟುಗಳನ್ನು ತನ್ನ ಮನೆಯಲ್ಲೇ ಇಟ್ಟುಕೊಂಡ. ನೆರವು ಹರಿದುಬಂತು, ಹೊಸ ರೋಗಿಗಳೂ ಬಂದರು.

ಎಪ್ಪತ್ತೈದರ ಡಿಸೆಂಬರಿನಲ್ಲಿ ಅವನು ಚಿಕ್ಕಮಗಳೂರಿನ ಕಡೆ ವಾರವಿದ್ದು ವಾಪಸ್ಸಾದಾಗ ಸಂಘದ ಮೇಜಿನ ಮೇಲೆ ಕ್ಯಾಲೆಂಡರುಗಳಿದ್ದವು. ಬೆಂಗಳೂರಿನ ಮಹನೀಯರು ಅದೇ ಚಿತ್ರವನ್ನು ಬಣ್ಣದಲ್ಲಿ ಹಾಕಿಸಿ, ಹೊಸ ವರ್ಷಕ್ಕೆಂದು ಕಳಿಸಿದ್ದರು. ಹುಲಿಯಮ್ಮನ ಸೀರೆಗೆ ಕೆಂಪು, ಕೆನ್ನೆಗೆ ಗುಲಾಬಿ. ಕಟ್ಟು ಆಗಲೇ ಅರ್ಧ ಖಾಲಿಯಾಗಿತ್ತು.

"ಉಳಿದದ್ದು ಎಲ್ಲಿ, ಅಮ್ಮ?"

"ನಮಗೆ ಸಹಾಯ ಮಾಡಿದ ಅಂಗಡಿಯವರಿಗೆಲ್ಲ ಕೊಟ್ಟುಬಿಡಿ ಅಂದೆ. ಲೋಕಪ್ಪ ಶಿರಾಳಕೊಪ್ಪ, ಆನವಟ್ಟಿಗೆ ಒಯ್ದ. ಯಾಕೆ, ಇನಾಯತ್? ನಾಚಿಕೆ ಅಷ್ಟೇ ಅಂದಿದ್ರಲ್ಲ?"

ಅವನು ಬಸ್ಸಿಗೆ ಓಡಿದ.

ಆನವಟ್ಟಿ ಎಂದರೆ ಸೊರಬದ ಕಡೆಯೇ; ಅಲ್ಲಿ ಅಂಗಡಿ ಅಂಗಡಿ ಹತ್ತಿ ಇಳಿದ. ಹೋಟೆಲಿನ ಗಲ್ಲಾದ ಹಿಂದೆ, ಕ್ಷೌರದಂಗಡಿಯ ಕನ್ನಡಿಯ ಪಕ್ಕ, ಎಣ್ಣೆ ಗಾಣದಲ್ಲಿ, ಹೋದಲ್ಲೆಲ್ಲ ಹುಲಿಯಮ್ಮ ನಗುತ್ತಿದ್ದಳು. ಕೆಲವರು ಕೇಳಿದ ಕೂಡಲೇ ಬಿಚ್ಚಿಕೊಟ್ಟರು. ಕೆಲವರು ನಕ್ಕರು. "ಕೊಟ್ಟಿದ್ದನ್ನ ವಾಪಸ್ ಕೇಳೋ ಪ್ರಚಾರ ಇದ್ಯಾವುದು ಸಾಬ್ರೇ?" ಗೊಬ್ಬರದಂಗಡಿಯವನು ತಲೆ ಕೆರೆದುಕೊಂಡ. "ನಮ್ಮತ್ರ ಇದ್ದದ್ದು ಖಾಲಿ ಕಣ್ರೀ. ಗೊಬ್ಬರ ತಗೊಂಡೋರಿಗೆ ಒಂದೊಂದು ಕೊಟ್ವಿ. ದಿನ, ತಿಥಿ ಎಲ್ಲ ಚೆನ್ನಾಗಿ ಹಾಕ್ಯಾರೆ ಅಂತ ಜನ ಕೇಳಿ ತಗೊಂಡ್ರು."

ಮರುದಿನ ಇನಾಯತ್ ಡಾಕ್ಟರರಿಂದ ಒಂದು ಸರ್ಟಿಫಿಕೇಟ್ ಬರೆಸಿಕೊಂಡು ಉಳವಿಯ ಬಸ್ ಹತ್ತಿದ. ಎರಡು ಮೈಲಿ ನಡೆದು ಹಳ್ಳಿ ಮುಟ್ಟಿದಾಗ ಮಾಸ್ತಪ್ಪನ ಮನೆಯ ಬಾಗಿಲು ಹಾಕಿತ್ತು. ಹುಲಿಯಮ್ಮ ಕೊಟ್ಟಿಗೆಯ ಗೋಡೆಗೆ ಒರಗಿ ಕೂತಿದ್ದಳು. ಪಕ್ಕದಲ್ಲಿ ಒಂದು ಚಾಪೆ, ಒಂದು ತಟ್ಟೆ, ಒಂದು ಮಡಕೆ. ಫುಪ್ಪುವಿನ ಕೋಣೆಯ ತಟ್ಟೆಯಂಥದೇ.

ಮಗಳು ಗುತ್ಯಮ್ಮನಿಗೆ ಆನವಟ್ಟಿಯ ಹತ್ತಿರದ ಗಂಡು ಗೊತ್ತಾಗಿತ್ತು. ಮಾಘದಲ್ಲಿ ಮದುವೆ. ಹುಡುಗನ ದೊಡ್ಡಪ್ಪ ಕಲ್ಲಪ್ಪ ಗೊಬ್ಬರ ತರಲು ಹೋಗಿ ಕ್ಯಾಲೆಂಡರ್ ತಂದಿದ್ದ. ಗೋಡೆಗೆ ತೂಗುಹಾಕಲು ಮೊಳೆ ಹೊಡೆದ ಮೇಲೆ ಬೀಗತಿಯ ಮುಖದ ಗುರುತು ಹತ್ತಿತ್ತು. ಹಿಂದಿನ ದಿನವೇ ಬಂದು ಅಂಗಳದಲ್ಲಿ ಅದನ್ನು ಬಿಡಿಸಿ ಹಿಡಿದು, ಕಟ್ಟೆಯ ಮೇಲಿಟ್ಟು ಹೋಗಿದ್ದ. ಅದನ್ನು ಊರೆಲ್ಲ ನೋಡಿತ್ತು.

ಇನಾಯತನ ದನಿ ಕೇಳಿ ಮಾಸ್ತಪ್ಪ ಬಾಗಿಲು ತೆರೆದ. "ಏನ್ರಿ, ಹೆಸರು ಕೇಳಲ್ಲ ಅಂತ ಮೈಕಿನಾಗೆ ಕೂಗಿದ್ರಲ್ಲ. ಹೆಸರು ಬಿಟ್ಟು ಮುಖಾನೇ ತಗೊಂಡ್ರಲ್ರೀ!"

"ತಪ್ಪಾಗಿದೆ ಮಾಸ್ತಪ್ಪ. ನಾನು ಕಲ್ಲಪ್ಪನವರ ಹತ್ರ ಹೋಗ್ತೀನಿ. ಡಾಕ್ಟರ ಕಾಗದ ತಂದಿದೀನಿ."

"ಹೋಗ್ರಿ" ಎಂದ ಮಾಸ್ತಪ್ಪ. "ಇನ್ನೇನು ಕೆಡಾದೈತೆ?"

ಇನಾಯತ್ ಹುಲಿಯಮ್ಮನ ಮಡಕೆಯಿಂದ ನೀರು ಬಗ್ಗಿಸಿಕೊಂಡು, ಊರವರು ನೋಡಲೆಂದೇ ನಿಂತು ಕುಡಿದ. ಬೇಲಿಯಾಚೆ ನಿಂತಿದ್ದ ಹೆಂಗಸೊಬ್ಬಳು ಮಕ್ಕಳನ್ನು ಒಳಗೆ ಎಳೆದುಕೊಂಡಳು. ಹುಲಿಯಮ್ಮ ತಲೆ ಎತ್ತಲಿಲ್ಲ. "ಸುಮ್ನೆ ಹೋಗ್ರಿ ಸಾಬ್ರೇ. ನಿಮ್ನೂ ಹೊರಗೆ ಹಾಕ್ತಾರೆ" ಎಂದಳು. ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದ.

ಕಲ್ಲಪ್ಪ ಒಳ್ಳೆಯ ಮನುಷ್ಯನೇ. ಜಗುಲಿಯ ಮೇಲೆ ಕೂರಿಸಿ ಬೆಲ್ಲ, ನೀರು ಕೊಟ್ಟ. ಸರ್ಟಿಫಿಕೇಟನ್ನು ಪೂರ್ತಿ ಓದಿಸಿ ಕೇಳಿಸಿಕೊಂಡ.

"ಕ್ಯಾಲೆಂಡರಿನಲ್ಲೂ ಅದನ್ನೇ ಬರೆದಿದೆಯಲ್ರೀ, ಗುಣವಾಗಿದೆ ಅಂತ" ಎಂದ ಇನಾಯತ್.

"ಬರ್ದೈತೆ, ಇಲ್ಲ ಅನ್ನಲ್ಲ. ಗುಣ ಆಗ್ಬೇಕಂದ್ರೆ ಮೊದ್ಲು ಬಂದಿರ್ಬೇಕಲ್ಲ ಮಾರಾಯ್ರೆ? ಬಂದಿತ್ತು ಅಂತ ನೀವೇ ಅಚ್ಚು ಹಾಕ್ಸೀರಿ. ನಾನು ಏನಂತ ಮುಚ್ಚಾಕ್ಲಿ? ನಮ್ಮ ಮನ್ಯಾಗೂ ಹೆಣ್ಮಕ್ಕಳು ಅದಾವೆ. ಅವ್ರನ್ನ ನಾಳೆ ಯಾರು ಮಾಡ್ಕೋತಾರೆ?"

ಆರು ವರ್ಷದಿಂದ ಜನರ ಮನಸ್ಸು ತಿರುಗಿಸುವುದೇ ಕಸುಬಾಗಿದ್ದ ಇನಾಯತ್ ಸರ್ಟಿಫಿಕೇಟಿಗೆ ಕೈ ಚಾಚಿದ. ಕಾಗದ ಮಡಿಚಿ ಜೇಬಿಗಿಟ್ಟುಕೊಂಡು ಎದ್ದ.

ಮನೆಯಲ್ಲಿ ಬದರುನ್ನೀಸಾ ಎಲ್ಲ ಕೇಳಿಸಿಕೊಂಡಳು. ಸಿಟ್ಟಾಗಲಿಲ್ಲ. ಅಕ್ಕಿ ತೊಳೆಯುತ್ತ ಕೇಳಿದಳು: "ಒಂದು ಮಾತು ಕೇಳ್ತೀನಿ. ನಿಮ್ಮ ಫುಪ್ಪು ಗುಣವಾಗಿ ಎದ್ದು ಕೂತಿದ್ರೆ, ಅವರ ಫೋಟೋ ಹಾಕಿಸ್ತಿದ್ರಾ ಶಿಕಾರಿಪುರದ ಗೋಡೆಗೆ?"

ಅವನು ಆ ದಿನ ಊಟ ಮಾಡಲಿಲ್ಲ.

ಹದಿನೈದು ದಿನದಲ್ಲಿ ಹುಲಿಯಮ್ಮ ಒಬ್ಬಳೇ ಬಸ್ಸಿನಲ್ಲಿ ಸಂಘಕ್ಕೆ ಬಂದಳು. ಕೈಯಲ್ಲಿ ಒಂದು ಗಂಟು. ಡಾಕ್ಟರು, "ನಿನಗೆ ರೋಗ ಇಲ್ಲಮ್ಮ, ಇಲ್ಲಿ ಯಾಕಿರ್ತೀಯ?" ಎಂದರು. "ಹೌದ್ರಿ, ಇಲ್ಲ. ಇಲ್ಲೇ ಇರ್ತೀನಿ" ಎಂದಳು. ಅವಳು ಮನೆಯಲ್ಲಿದ್ದರೆ ಗುತ್ಯಮ್ಮನ ಕಡೆಗೆ ಯಾರೂ ತಿರುಗಿ ನೋಡರು ಎಂದು ಮಾಸ್ತಪ್ಪ ಹೇಳಿದ್ದ. ಅವಳಿಗೂ ಅದು ಸರಿಯೆನಿಸಿತ್ತು. ಹೊರಡುವಾಗ ಮಗಳು ಒಳಕೋಣೆಯಿಂದ ಹೊರಗೆ ಬಂದಿರಲಿಲ್ಲ.

ಸೊರಬದ ಕಡೆಯಿಂದ ಬರುತ್ತಿದ್ದ ರೋಗಿಗಳು ಒಬ್ಬೊಬ್ಬರಾಗಿ ನಿಂತರು. ಲೋಕಪ್ಪ ಸೈಕಲ್ ಮೇಲೆ ಹೋದರೆ ಬಾಗಿಲು ಮುಚ್ಚುತ್ತಿದ್ದರು. ಗುಳಿಗೆಯ ಪೊಟ್ಟಣಗಳನ್ನು ಹಾಗೇ ವಾಪಸ್ ತಂದು ಮೇಜಿನ ಮೇಲೆ ಸುರಿದು, "ಫೋಟೋ ತೆಗೀತಾರೆ ಅಂತಾರೆ ಕಣ್ರೀ" ಎನ್ನುತ್ತಿದ್ದ. ಗೋಡೆಗಳ ಮೇಲಿನ ಇನಾಯತನ ನೀಲಿ ಅಕ್ಷರಕ್ಕೆ ಯಾರೋ ಸಗಣಿ ಎರಚಿದ್ದರು. ಆನವಟ್ಟಿಯಲ್ಲಿ ಮೈಕ್ ಹಿಡಿದರೆ ಜನ ಎದ್ದು ಹೋಗುತ್ತಿದ್ದರು.

ಅವನು ರಾಜೀನಾಮೆ ಬರೆದುಕೊಟ್ಟ. ರಾಜೇಶ್ವರಮ್ಮ ಓದಿ ಬದಿಗಿಟ್ಟರು. ಆ ಕ್ಯಾಲೆಂಡರಿನಿಂದ ಬಂದ ನೆರವಿನಲ್ಲಿ ಹೆಂಗಸರಿಗೆಂದು ಹೊಸ ವಾರ್ಡಿನ ಗೋಡೆ ಏಳುತ್ತಿತ್ತು. "ಒಬ್ಬಳಿಗೆ ಅನ್ಯಾಯ ಆಯ್ತು, ನಿಜ. ನನ್ನ ಎದೆಗೂ ಅದು ಚುಚ್ಚುತ್ತೆ. ಆದ್ರೆ ಆ ವಾರ್ಡಿನಲ್ಲಿ ಇಪ್ಪತ್ತು ಜನ ಮಲಗ್ತಾರೆ, ಇನಾಯತ್."

"ಮಲಗ್ತಾರಮ್ಮ. ಸೊರಬದವರು ಯಾರೂ ಇರಲ್ಲ ಅದರಲ್ಲಿ."

"ನೀವು ಹೋದ್ರೆ ಎಲ್ಲಾ ಸರಿ ಹೋಗುತ್ತಾ?"

"ಇಲ್ಲ" ಎಂದ. "ಸರಿ ಮಾಡೋಕೆ ಅಂತ ನಾನು ಹೋಗ್ತಿಲ್ಲ. ಈ ಬಾಯಲ್ಲಿ ಇನ್ನೊಬ್ಬರನ್ನ ಬನ್ನಿ ಅನ್ನೋಕೆ ನನ್ನಿಂದ ಆಗೋದಿಲ್ಲ."

ಮತ್ತೆ ಬೋರ್ಡಿಗೆ ಮರಳಿದ. ಲಾರಿಗಳ ನಂಬರ್ ಪ್ಲೇಟು, ಸೊಸೈಟಿಯ ಸೀಮೆಎಣ್ಣೆ ಡ್ರಮ್ಮಿನ ಮೇಲಿನ ಅಕ್ಷರ, ಸಿಕ್ಕಿದ್ದೆಲ್ಲ ಬರೆದ. ಶುಕ್ರವಾರ ನಮಾಜು ಮುಗಿಸಿ ಸಂಘಕ್ಕೆ ನಡೆದು ಹೋಗುತ್ತಿದ್ದ. ಹುಲಿಯಮ್ಮ ಹೊಸ ವಾರ್ಡು ಗುಡಿಸುವ, ಅಡುಗೆಗೆ ಅಕ್ಕಿ ಆರಿಸುವ ಕೆಲಸ ಹಿಡಿದಿದ್ದಳು. ಇಬ್ಬರಿಗೂ ಮಾತು ಹೆಚ್ಚಿರಲಿಲ್ಲ. ಪಾದದಲ್ಲಿ ಹುಣ್ಣು ಮತ್ತೆ ಒಡೆದಿತ್ತು. ಚಪ್ಪಲಿ ಹಾಕ್ಕೊಳ್ಳಕ್ಕ ಎಂದರೆ ಹೂಂ ಎಂದು ಬರಿಗಾಲಲ್ಲೇ ಓಡಾಡುತ್ತಿದ್ದಳು.

ಎಪ್ಪತ್ತೆಂಟರ ಬೇಸಿಗೆಯಲ್ಲಿ ಗುತ್ಯಮ್ಮನ ಮದುವೆಯಾಯಿತು. ಹಾವೇರಿಯ ಕಡೆಗೆ, ಇಬ್ಬರು ಮಕ್ಕಳಿದ್ದ ವಿಧುರನಿಗೆ. ಹುಡುಗಿಗೆ ತಾಯಿಯಿಲ್ಲ, ಸತ್ತು ಬಹಳ ವರ್ಷವಾಯಿತು ಎಂದು ಹೇಳಿ ಕೊಟ್ಟಿದ್ದರು. ಮದುವೆ ಕಳೆದು ತಿಂಗಳಾದ ಮೇಲೆ ಹುಲಿಯಮ್ಮನಿಗೆ ಲೋಕಪ್ಪನಿಂದ ಸಂಗತಿ ಗೊತ್ತಾಯಿತು. ತಾಯಿ ಸತ್ತಿದ್ದಾಳೆಂದು ಹೇಳಿದ್ದನ್ನೂ ಅವನು ಬಚ್ಚಿಡಲಿಲ್ಲ. ಶುಕ್ರವಾರ ಇನಾಯತ್ ಬಂದಾಗ ಅವಳು ಒಂದೇ ಮಾತು ಕೇಳಿದಳು.

"ಧಾರೆಗೆ ಯಾವ ಬಣ್ಣದ ಸೀರೆ ಉಟ್ಟಿದ್ಲಂತೆ?"

ಅವನಿಗೆ ತಿಳಿದಿರಲಿಲ್ಲ. ತಿಳಿದುಕೊಂಡು ಬರುತ್ತೇನೆ ಎಂದ. ಮರುದಿನವೇ ಉಳವಿಯ ಬಸ್ ಹತ್ತಿ, ಬಿಸಿಲಲ್ಲಿ ನಡೆದು ಆ ಹಳ್ಳಿಗೆ ಹೋದ. ಮಾಸ್ತಪ್ಪ ಅಂಗಳದಲ್ಲಿ ಹಗ್ಗ ಹೊಸೆಯುತ್ತಿದ್ದ. ಇವನನ್ನು ಕಂಡು ಹಗ್ಗ ಬಿಟ್ಟು ಒಳಗೆ ಹೋಗಿ ಅಗಳಿ ಹಾಕಿಕೊಂಡ. ಇನಾಯತ್ ಬಾಗಿಲ ಹೊರಗೆ ನಿಂತು, "ಸೀರೆ ಬಣ್ಣ ಅಷ್ಟೇ ಹೇಳಿ ಮಾಸ್ತಪ್ಪ, ಬೇರೇನೂ ಕೇಳಲ್ಲ" ಎಂದ. ಆಮೇಲೆ ಪಕ್ಕದ ಮನೆಗಳಲ್ಲಿ ಕೇಳಿದ. "ಇಲ್ಲಿ ಮದ್ವೆ ಆಗಿಲ್ರಿ, ಗಂಡಿನ ಮನೇಲಿ ಆಯ್ತು. ನಾವ್ಯಾರೂ ಹೋಗಿಲ್ಲ" ಎಂದರು.

ವಾಪಸ್ಸು ಬರುವ ಬಸ್ಸಿನಲ್ಲಿ ಹಸಿರು ಎಂದುಬಿಡಲೇ ಎಂದು ಯೋಚಿಸಿದ. ಅಂಚು ಕೆಂಪು ಎನ್ನಬಹುದು. ಅವಳು ನಂಬುತ್ತಾಳೆ, ಹಿಂದೆಯೂ ನಂಬಿದ್ದಳು.

ಸಂಘದ ಹಿಂಬದಿಯಲ್ಲಿ ಹುಲಿಯಮ್ಮ ಮೊರದಲ್ಲಿ ಅಕ್ಕಿ ಹಾಕಿಕೊಂಡು ಕಲ್ಲು ಆರಿಸುತ್ತಿದ್ದಳು. ಅವನು ಎದುರಿಗೆ ಕುಕ್ಕರಗಾಲಲ್ಲಿ ಕೂತ. ಅವಳು ಕೈ ನಿಲ್ಲಿಸಿ ಅವನ ಮುಖ ನೋಡಿದಳು.

"ಗೊತ್ತಾಗಲಿಲ್ಲ ಹುಲಿಯಕ್ಕ" ಎಂದ.

"ಹೋಗ್ಲಿ ಬಿಡ್ರಿ" ಎಂದಳು ಹುಲಿಯಮ್ಮ. ಆಮೇಲೆ, "ಊಟ ಮಾಡೀರಾ?" ಎಂದು ಕೇಳಿದಳು. ಇನಾಯತ್ ಇಲ್ಲ ಎಂದು ತಲೆಯಾಡಿಸಿದ. ಅವಳು ಮತ್ತೆ ಮೊರಕ್ಕೆ ಬಾಗಿ, ನೆಟ್ಟಗಿದ್ದ ಬೆರಳಿನಿಂದ ಅಕ್ಕಿಯನ್ನು ಒಂದು ಬದಿಗೆ ಸರಿಸುತ್ತ ಹೋದಳು.